ಆಯಿ ಚಿಮಣಿಗೆ ಹಾಕಿದ ಮತ

ಕರೆಂಟಿನ ಕಂಬಗಳು ಹಳ್ಳದ ಆಚೆ ದಂಡೆಯವರೆಗೆ ಬಂದು, ದಾಟುವುದೋ ಬೇಡವೋ ಎಂದು ಅಲ್ಲೇ ನಿಂತುಬಿಟ್ಟಿದ್ದ ಕಾಲ ಅದು. ಈಚೆ ದಂಡೆಯಲ್ಲಿದ್ದವರು ನಾವು. ಸಂಜೆಯಾದರೆ ಮನೆಮನೆಯಲ್ಲೂ ಚಿಮಣಿ ಹಚ್ಚುತ್ತಿದ್ದರು. ನಮ್ಮ ಕಡೆ ಚಿಮಣಿ ಅಂದರೆ ಸೀಮೆಎಣ್ಣೆಯ ಪುಟ್ಟ ದೀಪ. ತಗಡಿನ ದುಂಡು ಹೊಟ್ಟೆ, ಮೇಲೊಂದು ಬತ್ತಿಯ ಮೂತಿ, ಪಕ್ಕಕ್ಕೊಂದು ಹಿಡಿಕೆ. ಅದರ ಮುಂದೆ ಕುಳಿತು ಓದಿ ಮಲಗಿದರೆ ಬೆಳಿಗ್ಗೆ ಮೂಗಿನ ತುಂಬ ಕರಿ. ಈಗಿನ ಹುಡುಗರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ, ನಾನು ಅಕ್ಷರ ಕಲಿತದ್ದು ಆ ಹೊಗೆಯಲ್ಲೇ.

ಖಾನಾಪುರದ ಹೊರಗೆ ಒಂದು ಹಂಚಿನ ಕಾರ್ಖಾನೆಯಿತ್ತು. ಅದರ ಕೆಲಸಗಾರರಿಗೆಂದು ಕಟ್ಟಿದ ಚಾಳಿನಲ್ಲಿ ನಮ್ಮ ಮನೆ. ಉದ್ದಕ್ಕೆ ಒಂದೇ ಸಾಲು ಕೋಣೆಗಳು, ತಲೆಯ ಮೇಲೆ ಕಾರ್ಖಾನೆಯವರು ಬೇಡವೆಂದು ಬಿಟ್ಟ ಸೊಟ್ಟ ಹಂಚು. ಅಪ್ಪ ಭಟ್ಟಿಯಲ್ಲಿ ಹಂಚು, ಇಟ್ಟಿಗೆ ಸುಡುವ ಕೆಲಸಕ್ಕಿದ್ದ. ಅವನು ಮನೆಗೆ ಬಂದರೆ ಹಸಿ ಮಣ್ಣು ಮತ್ತು ಕಟ್ಟಿಗೆ ಹೊಗೆಯ ವಾಸನೆ ಅವನಿಗಿಂತ ಮುಂಚೆ ಒಳಗೆ ಬರುತ್ತಿತ್ತು. ಸಾಲಿನ ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ಕನ್ನಡದ ಕೊನೆಯ ಕೋಣೆ ನಮ್ಮದು, ಮರಾಠಿಯ ಮೊದಲ ಕೋಣೆ ಚಾಳೆಲ್ಲ ಆಯಿ, ಅಂದರೆ ತಾಯಿ, ಎಂದು ಕರೆಯುತ್ತಿದ್ದ ಮುದುಕಿಯದು. ಗಡಿ, ಗಡಿ ಎಂದು ಬೆಳಗಾವಿಯಲ್ಲಿ ದೊಡ್ಡವರು ಜಗಳಾಡುತ್ತಾರೆಂದು ಕೇಳಿದ್ದೆ. ನನಗೆ ಗೊತ್ತಿದ್ದ ಗಡಿ ಅಂದರೆ ನಮ್ಮಿಬ್ಬರ ನಡುವಿನ ಇಟ್ಟಿಗೆ ಗೋಡೆ. ಅದರಲ್ಲೂ ಒಂದು ಕಿಂಡಿಯಿತ್ತು.

ಗೌಂಡಿ ಇಟ್ಟಿಗೆ ಇಡಲು ಮರೆತನೋ ಏನೋ, ಒಲೆಯ ಪಕ್ಕ ಒಂದು ತಾಟು ತೂರುವಷ್ಟು ತೆರವು ಉಳಿದಿತ್ತು. ನಮ್ಮ ಕಡೆಯಿಂದ ಅದಕ್ಕೊಂದು ಮಣೆ ಅಡ್ಡ ಇಡುತ್ತಿದ್ದೆವು. ಆಯಿಗೆ ಬರುತ್ತಿದ್ದ ಕನ್ನಡ ಬಲು ಕಡಿಮೆ. ಇದ್ದುದರಲ್ಲಿ ಅವಳು ತಪ್ಪಿಲ್ಲದೆ ಆಡುತ್ತಿದ್ದ ಮಾತು ಒಂದೇ. ಮಣೆಯನ್ನು ಆ ಕಡೆಯಿಂದ ಬಡಿದು, "ಕಿಂಡೀ ತಗೀ, ಶಾಂತೂ!" ಅನ್ನುವಳು. ನಾನು ಮಣೆ ಸರಿಸಿದರೆ ಮೊದಲು ಹಸಿರು ಬಳೆಯ ಕೈ, ಆಮೇಲೆ ತಾಟು. ತಾಟಿನಲ್ಲಿ ಅಕ್ಕಿಯ ಭಾಕರಿ, ಹುರುಳಿಯ ಪಿಠಲ, ಬಳ್ಳೊಳ್ಳಿ ಚಟ್ನಿ. ಅಪ್ಪನನ್ನು ಅವಳು 'ಬಸೂ' ಎಂದು ಕರೆಯುತ್ತಿದ್ದಳು, ಹೆತ್ತ ಮಗನನ್ನು ಕರೆಯುವ ಹಾಗೆ. ಅವಳ ಹೆತ್ತ ಮಗ ವಿಠ್ಠಲ ಊರ ಸಾಹುಕಾರನ ಲಾರಿ ಓಡಿಸುತ್ತಿದ್ದ.

ನನ್ನ ಅವ್ವ ಹೋದದ್ದು ನಾನು ಹೇಳಹೊರಟ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ. ಚಾಳಿಗೂ ಊರಿಗೂ ನಡುವೆ ಮಲಪ್ರಭೆಗೆ ಸೇರುವ ಒಂದು ಹಳ್ಳ. ಬೇಸಿಗೆಯಲ್ಲಿ ಬರೀ ಕಲ್ಲು, ಎಮ್ಮೆ ಮೈ ತೊಳೆಯಲೂ ನೀರಿರುತ್ತಿರಲಿಲ್ಲ. ಮಳೆ ಹಿಡಿದರೆ ಮಾತ್ರ ಅದರ ಸದ್ದಿಗೆ ಮನೆಯೊಳಗಿನ ಮಾತು ಕೇಳುತ್ತಿರಲಿಲ್ಲ. ಅವ್ವನಿಗೆ ಹೆರಿಗೆ ನೋವು ಬಂದ ದಿನ ಚಕ್ಕಡಿ ಕಟ್ಟಿ ದಂಡೆಯವರೆಗೆ ಹೋದರು. ಎತ್ತು ನೀರಿಗೆ ಇಳಿಯಲಿಲ್ಲ. ಆಚೆ ದಂಡೆಯಲ್ಲಿ ದವಾಖಾನೆಯ ಮಾಡು ಕಾಣುತ್ತಿತ್ತಂತೆ, ಅಷ್ಟು ಹತ್ತಿರ. ನೀರು ಇಳಿಯಲಿ ಎಂದು ಕಾಯುತ್ತಾ ಕಾಯುತ್ತಾ ಚಕ್ಕಡಿಯಲ್ಲೇ ಅವ್ವನೂ ಹೋದಳು, ಹೊಟ್ಟೆಯೊಳಗಿನದೂ ಹೋಯಿತು. ಕಡೆತನಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈ ಹಿಡಿದು ಕೂತಿದ್ದವಳು ಆಯಿ.

ಅಂದಿನಿಂದ ನಾನು ಊಟ ಬಿಟ್ಟೆ. ಮನೆ ನೋಡಿಕೊಳ್ಳಲು ಬಂದ ಅಪ್ಪನ ಅಕ್ಕ ಗಂಗತ್ತಿ ಬೈದು ನೋಡಿದಳು, ಮುದ್ದು ಮಾಡಿ ನೋಡಿದಳು. ಏನೂ ನಡೆಯಲಿಲ್ಲ. ಆಯಿ ನನ್ನನ್ನು ತನ್ನ ಹೊಸ್ತಿಲ ಮೇಲೆ ಕೂರಿಸಿಕೊಂಡು, ಇದು ಹಕ್ಕಿಯ ತುತ್ತು, ಇದು ಕಾಗೆಯ ತುತ್ತು ಎಂದು ಅವಳ ಮಾತಿನಲ್ಲಿ ಹೇಳುತ್ತಾ, ಹಾಲನ್ನ ಕಲಸಿ ಒಂದೊಂದೇ ತಿನ್ನಿಸಿದಳು. ಮೂರನೆಯ ಇಯತ್ತೆಯ ದೊಡ್ಡ ಹುಡುಗಿ ನಾನು, ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದೆ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಆಯಿಯ ಕೈಯಿಲ್ಲದೆ ನನಗೆ ಊಟವೇ ಇಲ್ಲ ಎಂಬಂತಾಗಿತ್ತು.

ಆ ಬೇಸಿಗೆಯಲ್ಲೇ ಪಂಚಾಯ್ತಿ ಇಲೆಕ್ಷನ್ನು ಬಂತು. ನಮ್ಮ ವಾರ್ಡಿನಿಂದ ಪ್ರತಿ ಸಲ ಸಾಹುಕಾರನೇ ಆರಿಸಿ ಬರುತ್ತಿದ್ದ. ಎದುರು ನಿಲ್ಲುವವರೇ ಇರುತ್ತಿರಲಿಲ್ಲ. ಹಳ್ಳಕ್ಕೊಂದು ಪೂಲು, ಅಂದರೆ ಸೇತುವೆ, ಕಟ್ಟಿಸಿ ಎಂದು ಅಪ್ಪ ಅವನ ಮನೆಗೆ ಅಲೆದು ಅಲೆದು ಸಾಕಾಗಿದ್ದ. ಒಂದು ದಿನ ಭಟ್ಟಿಯಿಂದ ಬಂದವನೇ ಗಂಗತ್ತಿಗೆ ಹೇಳಿದ:

"ಅಕ್ಕಾ, ನಾನs ನಿಂದರ್ತೀನಿ."

"ಎಲ್ಲಿ ನಿಂದರ್ತಿ? ಮೊದಲ ಕುಂದ್ರು, ಚಾ ಕುಡಿ."

"ಇಲೆಕ್ಷನ್ನಿಗೆ ನಿಂದರ್ತೀನಿ. ಪೂಲ ಆಗಬೇಕು. ಆಕಿ ಹ್ವಾದಂಗ ಇನ್ನೊಬ್ಬಾಕಿ ಹೋಗಬಾರದು."

ಅತ್ತಿ ಮತ್ತೆ ಚೇಷ್ಟೆ ಮಾಡಲಿಲ್ಲ.

ಗುರುತು ಹಂಚುವ ದಿನ ಅಪ್ಪ ಕುಣಿಯುತ್ತಾ ಬಂದ. "ನನಗ ಚಿಮಣಿ ಬಂತು!"

"ಅದಕ್ಕ ಎಣ್ಣಿನೂ ಅವರs ಕೊಡ್ತಾರೇನು ಕೇಳ್ಬೇಕಿತ್ತಿಲ್ಲೋ" ಅಂದಳು ಅತ್ತಿ.

ಸಾಹುಕಾರನಿಗೆ ಬಂದದ್ದು ಹಕ್ಕಿಯ ಗುರುತು. ಕಾಗದದ ಮೇಲೆ ಬರೀ ಹಕ್ಕಿ ಅಂತಿದ್ದರೂ ನೋಡಲು ಥೇಟ್ ಗುಬ್ಬಿಯೇ. ಊರೆಲ್ಲ ಅದನ್ನು ಗುಬ್ಬಿ ಅಂತಲೇ ಕರೆಯಿತು.

ಸಾಹುಕಾರನ ಹತ್ತಿರ ಜೀಪಿತ್ತು, ಅದರ ಮೇಲೆ ಕೂಗಿ ಹೇಳುವ ಮೈಕಿನ ಕರ್ಣಿಯಿತ್ತು, ಅಚ್ಚು ಹಾಕಿಸಿದ ಬಣ್ಣದ ಕಾಗದವಿತ್ತು. ಅಪ್ಪನ ಹತ್ತಿರ ಏನಿತ್ತು? ಭಟ್ಟಿಯ ಕೆಮ್ಮಣ್ಣು ಮತ್ತು ಒಂದಿಷ್ಟು ಸುಣ್ಣ. ಚಾಳಿನ ಉದ್ದಕ್ಕೂ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ತಾನೇ ಚಿಮಣಿ ಬರೆದ. ಹಂಚು ಸುಡುವವನಿಗೆ ಚಿತ್ರ ಬರೆಯಲು ಎಲ್ಲಿ ಬರಬೇಕು? ಹೊಟ್ಟೆ ದುಂಡಗೆ ದೊಡ್ಡದಾಯಿತು, ಬತ್ತಿಯ ಮೂತಿ ಒಂದು ಕಡೆಗೆ ವಾಲಿತು, ಹಿಡಿಕೆ ಇನ್ನೊಂದು ಕಡೆಗೆ ಚಾಚಿತು. ಅತ್ತಿ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದೇನೋ, ದೀಪನೋ ಕೋಳಿನೋ?" ಎಂದು ನಕ್ಕಳು. ಆಯಿ ಮಾತ್ರ ಹತ್ತಿರ ಬಂದು, ಮಸುಕು ಕಣ್ಣು ಸಣ್ಣದು ಮಾಡಿ, ಆ ಚಿತ್ರದ ಬೆನ್ನು ಸವರಿ, "ಕಿತೀ ಗೋಡ ಚಿಮಣೀ ಕಾಢಲೀಸ ರೇ ಬಸೂ!" ಅಂದಳು. ಎಷ್ಟು ಮುದ್ದಾದ ಚಿಮಣಿ ಬರೆದಿದ್ದೀಯೋ ಎಂದು. ಅಪ್ಪ ಎದೆ ಉಬ್ಬಿಸಿ, "ನೋಡ್, ಆಯಿಗರೆ ತಿಳೀತು" ಎಂದು ಅತ್ತಿಯ ಕಡೆ ತಿರುಗಿದ.

ಘೋಷಣೆಯನ್ನೂ ಅಪ್ಪನೇ ಕಟ್ಟಿದ: "ಚಿಮಣಿಗೆ ಶಿಕ್ಕಾ, ಪೂಲು ಪಕ್ಕಾ!" ಶಿಕ್ಕಾ ಅಂದರೆ ಮತಪತ್ರದ ಮೇಲೆ ಹೊಡೆಯುವ ಮುದ್ರೆ. ಶಿಕ್ಕಾ, ಪೂಲು, ಪಕ್ಕಾ, ಎಲ್ಲವೂ ನಮ್ಮಲ್ಲಿ ಎರಡೂ ಕಡೆಯವರ ಬಾಯಲ್ಲಿದ್ದ ಮಾತು. ಮರಾಠಿ ಸಾಲಿಗೆ ಹೋದಾಗ 'ಚಿಮಣೀಲಾ' ಅಂದರಾಯಿತು, ಮುಗಿಯಿತು. ಎರಡು ಭಾಷೆಗೆ ಒಂದೇ ಘೋಷಣೆ ಎಂದು ಅಪ್ಪನಿಗೆ ಅದೆಂಥ ಹೆಮ್ಮೆ! ಶಾಲೆಗೆ ಸೂಟಿಯಿತ್ತು. ನಾವು ಹುಡುಗರೆಲ್ಲ ಎಣ್ಣೆ ಡಬ್ಬಿ ಬಡಿಯುತ್ತಾ, ಧೂಳೆಬ್ಬಿಸುತ್ತಾ, ಅದನ್ನೇ ಕೂಗಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೋಗುತ್ತಿದ್ದೆವು. ಆಯಿ ಹೊಸ್ತಿಲ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಸಾಹುಕಾರನ ಕಡೆಯವರು ಸುಮ್ಮನಿರುತ್ತಾರೆಯೇ? ಅವರ ಕರ್ಣಿಯಿಂದ, "ಗುಬ್ಬಿ ಹಾರತೈತಿ, ಚಿಮಣಿ ಆರತೈತಿ!" ಎಂದು ಬಂತು. ಕನ್ನಡ ಸಾಲಿನ ತುದಿಯವರೆಗೆ ಜೀಪು ಬರುವುದು, ನಮ್ಮ ಮನೆಯ ಮುಂದೆ ಹೊರಳಿ ಹಿಂದೆ ಹೋಗುವುದು. ಮರಾಠಿ ಸಾಲಿಗೆ ಅದು ಒಂದು ದಿನವೂ ಕಾಲಿಡಲಿಲ್ಲ. ಆ ಸಾಲಿನಲ್ಲಿ ಎಲ್ಲರೂ ಬಸೂನವರು, ಅಲ್ಲಿ ಹೋಗಿ ಗಂಟಲು ಹರಿದುಕೊಳ್ಳುವುದು ದಂಡ ಎಂದು ಅವರು ಕೈಬಿಟ್ಟಿದ್ದರು. ಅಪ್ಪನಿಗೂ ಅದೇ ಧೈರ್ಯ.

ಕವಳಿಹಣ್ಣಿನ ಕಾಲ ಅದು. ಆಯಿ ಗುಡ್ಡಕ್ಕೆ ಹೋಗಿ ಮುಳ್ಳುಕಂಟಿಯಿಂದ ಕರಿ ಕರಿ ಹಣ್ಣು ಬಿಡಿಸಿ, ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ತಿನ್ನುವ ಮುಂಚೆ ಒಂದು ಆಟವಿತ್ತು. "ಕೊಂಬಡಾ ಕೀ ಕೊಂಬಡೀ?" ಎಂದು ಅವಳು ಕೇಳಬೇಕು; ಹುಂಜವೋ ಹೇಟೆಯೋ ನಾನು ಹೇಳಿ ಹಣ್ಣು ಕಚ್ಚಬೇಕು. ಒಳಗೆ ಕೆಂಪಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಟೆ. ಆ ವರ್ಷ ನಾವು ಅದನ್ನೇ ಇಲೆಕ್ಷನ್ನಿನ ಶಕುನ ಮಾಡಿಕೊಂಡೆವು: ಕೆಂಪು ಬಂದರೆ ಅಪ್ಪ ಗೆಲ್ಲುತ್ತಾನೆ. ಬೆಳ್ಳಗಿನದು ಬಂದರೆ ಆಯಿ ತಟ್ಟನೆ ಅದನ್ನು ತನ್ನ ಬಾಯಿಗೆ ಹಾಕಿಕೊಂಡು, ಹಾಂ ಇದು ಲೆಕ್ಕಕ್ಕಿಲ್ಲ ಎಂದು ಕೈ ಆಡಿಸುವಳು. ನನ್ನ ತುಟಿ ನಾಲಿಗೆಯೆಲ್ಲ ಅಂಟಂಟು, ನೇರಳೆ ಬಣ್ಣ.

ಮತ ಹಾಕುವ ದಿನ ಬಂತು. ಹಳ್ಳದ ಆಚೆ ಶಾಲೆಯಲ್ಲಿ ಮತಗಟ್ಟೆ. ಆಯಿಗೆ ಮೊಣಕಾಲು ನೋವು, ಕಲ್ಲು ದಾಟಿ ನಡೆಯಲಾಗದು. ವಿಠ್ಠಲ ಲಾರಿ ತಂದು, ತಾಯಿಯನ್ನು ಎತ್ತಿ ಮುಂದೆ ಕೂರಿಸಿಕೊಂಡು ಹೋದ. ಲಾರಿ ಸಾಹುಕಾರನದು, ಅದರ ಮುಂದೆ ಗುಬ್ಬಿಯ ಬಾವುಟ. ಚಾಳೆಲ್ಲ ಅದನ್ನು ನೋಡಿತು.

ಮಧ್ಯಾಹ್ನ ತಿರುಗಿ ಬಂದ ಆಯಿ ಬೆರಳಿನ ಶಾಯಿಯನ್ನು ನನಗೆ ತೋರಿಸಿದಳು. ನನ್ನ ಗಲ್ಲ ಹಿಡಿದು, "ತುಝ್ಯಾ ಬಾಬಾಚೀ ಚಿಮಣೀ ಉಡಾಲೀ ಬಘ!" ಅಂದಳು. ನಿನ್ನ ಅಪ್ಪನ ಚಿಮಣಿ ಹಾರಿತು ನೋಡು! ದೀಪ ಹಾರುವುದೆಂದರೇನು ಎಂದು ನಾನು ಯೋಚಿಸಲಿಲ್ಲ. ಆಯಿ ಸಂತೋಷದಲ್ಲಿದ್ದಳು, ನನಗೆ ಅಷ್ಟು ಸಾಕಿತ್ತು.

ಎಣಿಕೆಯ ದಿನ ಭಟ್ಟಿಗೆ ಯಾರೂ ಹೋಗಲಿಲ್ಲ. ಆಯಿ ಬೆಳಿಗ್ಗೆಯೇ ಮಿಂದು, ಆರತಿಯ ತಾಟಿನಲ್ಲಿ ಕುಂಕುಮ, ಗುಲಾಲು, ಒಂದು ತುಂಡು ಬೆಲ್ಲ ಇಟ್ಟುಕೊಂಡು ನಮ್ಮ ಬಾಗಿಲಲ್ಲೇ ಕೂತಿದ್ದಳು. ಬಿಸಿಲು ಏರಿತು, ಇಳಿಯಿತು. ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದಾರೆ, ಇಬ್ಬರೂ ಸಮ ಸಮ ಬಂದಿದ್ದಾರೆ ಎಂದು ಒಬ್ಬ ಹುಡುಗ ಓಡಿಬಂದು ಹೇಳಿ ಓಡಿಹೋದ. ಆಮೇಲೆ ಹಳ್ಳದ ಆಚೆ ಪಟಾಕಿ ಹಾರಿತು. ನಮ್ಮವರ ಹತ್ತಿರ ಪಟಾಕಿ ಇರಲಿಲ್ಲ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಒಂದೇ ಒಂದು ಮತ. ಅಪ್ಪ ಸೋತದ್ದು ಒಂದೇ ಒಂದು ಮತದಿಂದ. ಹತ್ತಿಪ್ಪತ್ತರಿಂದ ಸೋತಿದ್ದರೆ ಅವನು ಮೈಕೊಡವಿಕೊಂಡು ಮರುದಿನ ಭಟ್ಟಿಗೆ ಹೋಗುತ್ತಿದ್ದನೇನೋ. ಒಂದು ಮತ ಅಂದರೆ ಅದಕ್ಕೊಂದು ಮುಖವಿರುತ್ತದೆ, ಅದನ್ನು ಹುಡುಕುವವರೂ ಇರುತ್ತಾರೆ. ಹಳ್ಳ ದಾಟಿ ಬರುವಷ್ಟರಲ್ಲಿ ಜೊತೆಗಿದ್ದವರು ಹುಡುಕಿ ಮುಗಿಸಿದ್ದರು. "ಮಗ ಸಾಹುಕಾರನ ಉಪ್ಪ ತಿಂತಾನ. ಲಾರ್ಯಾಗ ಕುಂತು ಹ್ವಾದ್ಲು, ಗುಬ್ಬಿ ಝಂಡಾ ಹಚ್ಚಿದ ಲಾರ್ಯಾಗ! ನಿನ್ನ ಬಾಜೂಕಿನವರs ನಿನಗ ಕೈ ಕೊಟ್ರು ನೋಡೋ ಬಸಣ್ಣಾ."

ಅಪ್ಪ ಬಂದಾಗ ಆಯಿ ಕಷ್ಟಪಟ್ಟು ಎದ್ದು ನಿಂತಳು. ಸೋತರೇನು, ದೃಷ್ಟಿಯಾದರೂ ತೆಗೆಯೋಣವೆಂದು ತಾಟು ಎತ್ತಿದಳು. ಅಪ್ಪ ಆ ತಾಟನ್ನು ಕೈಯಿಂದ ಸರಿಸಿದ. ಗುಲಾಲೆಲ್ಲ ಮಣ್ಣಿಗೆ ಚೆಲ್ಲಿತು.

"ಸಾಹುಕಾರಗ ಹಾಕಿದೇನ ಆಯೀ?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಎರಡೂ ಕೈ ಆಡಿಸಿದಳು. "ನಾಹೀ ರೇ ಬಾಳಾ! ಮೀ ಚಿಮಣೀಲಾಚ ಶಿಕ್ಕಾ ಮಾರಲಾ. ತುಳಸೀಚೀ ಶಪಥ!" ಚಿಮಣಿಗೇ ಹೊಡೆದೆನಪ್ಪಾ, ತುಳಸಿಯ ಆಣೆ. ಓಡಲಾರದ ಕಾಲಿನಲ್ಲಿ ಹೋಗಿ ತನ್ನ ಬಾಗಿಲಿನ ತುಳಸಿಕಟ್ಟೆಯ ಮೇಲೆ ಕೈಯಿಟ್ಟು, ಮತ್ತೆ ಹೇಳಿದಳು, "ಚಿಮಣೀಲಾಚ!"

"ಸುಳ್ಳ ಆಣಿ!" ಅಪ್ಪ ಚಾಳಿಗೆಲ್ಲ ಕೇಳುವಂತೆ ಕೂಗಿದ. "ಆಕಿ ಜೀವ ಹೋಗೂ ಮುಂದ ಕೈ ಹಿಡದಾಕಿ ನೀ. ಅದs ಕೈಲೆ ಪೂಲ ಕೆಡವಿದಿ. ಆಕಿನ್ನ ಎರಡನೇ ಸಲ ಕೊಂದಿ ನೀ."

ನನ್ನ ಅಪ್ಪ ಕೆಟ್ಟವನಲ್ಲ. ಆದರೆ ಆ ಮಾತು ಕೆಟ್ಟದ್ದು, ಬಲು ಕೆಟ್ಟದ್ದು. ಕನ್ನಡ ಬಾರದ ಆಯಿಗೆ ಆ ಮಾತು ಮಾತ್ರ ಪೂರ್ತಿ ತಿಳಿಯಿತು. ತುಳಸಿಯ ಮೇಲಿಟ್ಟ ಕೈ ಹಾಗೆಯೇ ಇತ್ತು. ವಿಠ್ಠಲ ಬಂದು ತೋಳು ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದ.

ಅಪ್ಪ ಅಂಗಳದಲ್ಲಿದ್ದ ಇಟ್ಟಿಗೆ ತಂದ, ಮಣ್ಣು ಕಲಸಿದ. ನಾನು ಮಣೆಯನ್ನು ಅಪ್ಪಿಕೊಂಡು ಅಳತೊಡಗಿದೆ. ಅತ್ತಿ ನನ್ನನ್ನು ಎಳೆದುಕೊಂಡಳು. ಅವನೇ ಸುಟ್ಟ ಇಟ್ಟಿಗೆಯಿಂದ ಅವನೇ ಕಿಂಡಿ ಮುಚ್ಚಿದ. ಮೇಲೆ ಮಣ್ಣು ಮೆತ್ತಿ ಗಿಲಾಯಿ ಕೂಡ ಮಾಡಿದ, ನುಣ್ಣಗೆ.

ಮರುದಿನ ಸಂಜೆ, ಊಟದ ಹೊತ್ತಿಗೆ, ಆ ಹಸಿ ಮಣ್ಣಿನ ಹಿಂದಿನಿಂದ ದನಿ ಕೇಳಿತು. "ಜೇವಲೀಸ ಕಾ ಗಂ, ಶಾಂತೂ?" ಉಂಡೆಯಾ ಎಂದು. ನಾನು ಗೋಡೆಗೆ ಬಾಯಿ ಹಚ್ಚಿ, "ನಾಹೀ" ಅಂದೆ. "ಜೇವ ಗಂ ಬಾಯೀ," ಉಣ್ಣು ತಾಯೀ, ಎಂದಿತು ಗೋಡೆ. ಅಪ್ಪ ಅಲ್ಲೇ ಇದ್ದ. ಕೇಳಿಸಿಕೊಂಡ. ಸುಮ್ಮನಾಗು ಎಂದು ನನಗೆ ಹೇಳಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ. ಆಮೇಲೆ ಪ್ರತಿ ಸಂಜೆಯೂ ಹೀಗೆಯೇ ಆಯಿತು.

ನಾನು ಉಣ್ಣುತ್ತಿರಲಿಲ್ಲ. ಒಂದು ದಿನ ಅತ್ತಿ ಸೋತು, ಆಯಿಯ ಹಾಗೆಯೇ ತಿನ್ನಿಸಲು ಕೂತಳು. "ಬಾಯಿ ತಗಿ, ನನ್ನವ್ವಾ. ಇದು ಗುಬ್ಬಿ ತುತ್ತು. ಇದು ಕಾಗಿ ತುತ್ತು."

ನಾನು ತಲೆ ಕೊಡವಿದೆ. "ಹಂಗಲ್ಲ. ಆಯಿ ಹಂಗ ಅನ್ನೂದಿಲ್ಲ."

"ಮತ್ತ ಹ್ಯಾಂಗ ಅಂತಾಳು?"

"ಹಾ ಘಾಸ ಚಿಮಣೀಚಾ, ಹಾ ಘಾಸ ಕಾವಳ್ಯಾಚಾ. ಆಯಿ ಗುಬ್ಬಿಗೆ ಚಿಮಣಿ ಅಂತಾಳ."

ಆಚೆ ಬದಿಗೆ ಕೂತು ಉಣ್ಣುತ್ತಿದ್ದ ಅಪ್ಪನ ಕೈ ತಾಟಿಗೂ ಬಾಯಿಗೂ ನಡುವೆ ನಿಂತಿತು.

ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಮರಾಠಿಯಲ್ಲಿ ಚಿಮಣಿ ಅಂದರೆ ಗುಬ್ಬಿ ಎಂಬುದು ಖಾನಾಪುರದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಆ ಬೇಸಿಗೆಯಲ್ಲಿ ನಮ್ಮೆಲ್ಲರ ಬಾಯಲ್ಲಿ ಚಿಮಣಿ ಅಂದರೆ ನಮ್ಮ ದೀಪ ಒಂದೇ. ಮನೆಯಲ್ಲಿ ಉರಿಯುವುದಕ್ಕೆ 'ದಿವಾ' ಅನ್ನುವ ಮುದುಕಿ, ಮತಪತ್ರದ ಮೇಲೆ ಬಸೂನ ಚಿಮಣಿಯನ್ನು ಹುಡುಕಿದ್ದಾಳೆ. ಗುಬ್ಬಿ ಸಿಕ್ಕಿದೆ. ಗೋಡೆಯ ಮೇಲೆ ಬಸೂ ಬರೆದ ದುಂಡು ಹೊಟ್ಟೆಯ, ಸೊಟ್ಟ ಮೂತಿಯ ಚಿತ್ರ ಅವಳ ಮಸುಕು ಕಣ್ಣಿಗೆ ಹಾಗೆಯೇ ಕಂಡಿತ್ತಲ್ಲ. ಪ್ರೀತಿಯಿಂದ ಒತ್ತಿ ಶಿಕ್ಕಾ ಹೊಡೆದಿದ್ದಾಳೆ.

ಅಪ್ಪ ಎದ್ದು ಹೊರಗೆ ಹೋಗಿ ತನ್ನ ಚಿತ್ರದ ಮುಂದೆ ನಿಂತ. ಎಷ್ಟೋ ಹೊತ್ತು ನಿಂತ. ಒಳಗೆ ಬಂದಾಗ ಅತ್ತಿ ಮೆಲ್ಲಗೆ ಹೇಳಿದಳು:

"ಹೋಗು. ಈಗs ಹೋಗಿ ಆಕಿ ಕಾಲ ಹಿಡಿ. ದೊಡ್ಡಾಕಿ, ಒಲ್ಲೆ ಅನ್ನೂದಿಲ್ಲ."

"ಏನಂತ ಹೋಗ್ಲಿ ಅಕ್ಕಾ? ತಪ್ಪ ಆತು ಅಂದ್ರ ಮುಗೀತೇನು? ಎಂಥಾ ಮಾತ ಅಂದೆ ನಾ. ಮಂದಿ ಮುಂದ ಅಂದೆ."

"ಮಂದಿ ಮುಂದs ಹೇಳು ಮತ್ತ."

"ನಾಳಿಗೆ ಹೋಗ್ತೀನಿ."

ನಾಳೆ ಆಯಿತು, ನಾಡಿದ್ದೂ ಆಯಿತು. ಬೆಳಿಗ್ಗೆ ಹೊರಟು ಅವಳ ಬಾಗಿಲವರೆಗೆ ಹೋಗುವನು. ವಿಠ್ಠಲ ಕಂಡರೆ ಭಟ್ಟಿಯ ದಾರಿ ಹಿಡಿಯುವನು. ನಾಚಿಕೆ ಅವನನ್ನು ಕಟ್ಟಿಹಾಕಿತ್ತು. ಸಿಟ್ಟು ಹೀಗೆ ಕಟ್ಟಿಹಾಕುವುದಿಲ್ಲ, ಸಿಟ್ಟು ಇಳಿಯುತ್ತದೆ. ಒಂದು ಸಂಜೆ ಗೋಡೆ ಮಾತಾಡಲಿಲ್ಲ. ನಾನೇ ಬಡಿದು ಕರೆದೆ, "ಆಯೀ, ಆಯೀ!" ಅಪ್ಪ ದಡಬಡಿಸಿ ಎದ್ದು ಓಡಿದ. ಬಾಗಿಲಿಗೆ ಬೀಗ. ಚಾಳಿನವರ ಚುಚ್ಚುಮಾತು ತಾಳದೆ ವಿಠ್ಠಲ ಸಾಹುಕಾರನ ಕೆಲಸ ಬಿಟ್ಟು, ತಾಯಿಯನ್ನು ಕರೆದುಕೊಂಡು ಬೆಳಗಾವಿಗೆ ಹೋಗಿದ್ದ. ತುಳಸಿಗೆ ನೀರು ಹಾಕಿ ಹೋಗಿದ್ದಳು ಆಯಿ, ಮಣ್ಣು ಇನ್ನೂ ಒದ್ದೆಯಿತ್ತು.

ಅಷ್ಟಾದ ಮೇಲೆ ಪೂಲು ಆಯಿತು. ಕಟ್ಟಿಸಿದವನು ಸಾಹುಕಾರನೇ! ಒಂದು ಮತದ ಅಂತರ ಅವನನ್ನೂ ಅಲುಗಿಸಿತ್ತೋ, ಅವನ ಲಾರಿಗಳಿಗೇ ಬೇಕಾಗಿತ್ತೋ, ಎರಡು ಮಳೆಗಾಲ ಕಳೆಯುವುದರೊಳಗೆ ಕಲ್ಲಿನ ಗಟ್ಟಿ ಪೂಲು ನಿಂತಿತು. ಕರೆಂಟಿನ ಕಂಬಗಳೂ ಅದರ ಹಿಂದೆಯೇ ದಾಟಿ ಬಂದವು. ಊರೆಲ್ಲ ಅದರ ಮೇಲೆ ಓಡಾಡಿತು. ಅಪ್ಪ ಮಾತ್ರ ಬೇಸಿಗೆಯಲ್ಲಿ ಕೆಳಗಿಳಿದು, ಮೊದಲಿನಂತೆ ಕಲ್ಲಿನ ಮೇಲೆ ಕಾಲಿಟ್ಟೇ ಹಳ್ಳ ದಾಟುತ್ತಿದ್ದ. ಮತ್ತೆ ಅವನು ಯಾವ ಇಲೆಕ್ಷನ್ನಿಗೂ ನಿಲ್ಲಲಿಲ್ಲ. ಕಿಂಡಿಯ ವಿಷಯ ನಾನು ಎತ್ತಿದರೆ ಎದ್ದು ಹೋಗುತ್ತಿದ್ದ.

ನಾನು ದೊಡ್ಡವಳಾಗಿ, ಓದಿ, ಬೆಳಗಾವಿಯ ಮಹಾಂತೇಶ ನಗರಕ್ಕೆ ಸೊಸೆಯಾಗಿ ಬಂದೆ. ಆ ಹೊತ್ತಿಗೆ ಹಂಚಿನ ಕಾರ್ಖಾನೆ ಮುಚ್ಚಿತ್ತು, ಚಾಳು ಕೆಡವಿದ್ದರು, ಅಪ್ಪ ನಮ್ಮೊಂದಿಗೇ ಇದ್ದ. ನಾದಿನಿಯ ಮದುವೆಗೆ ಸೀರೆ ತರಲು ಒಂದು ಬೇಸಿಗೆಯಲ್ಲಿ ವಡಗಾವಿಗೆ ಹೋಗಿದ್ದೆ. ಸಂದಿಯೊಂದರಲ್ಲಿ ಮಗ್ಗಗಳ ಖಟಖಟ ಸದ್ದಿನ ನಡುವೆ ಒಬ್ಬ ನರೆತ ತಲೆಯವನು ನನ್ನನ್ನೇ ದಿಟ್ಟಿಸಿದ. "ನೀ ಶಾಂತೂ ಅಲ್ಲೇನು?" ವಿಠ್ಠಲ. ಆಯಿ ಎಂದಷ್ಟೇ ಕೇಳಿದೆ.

"ಅದಾಳ. ಕಣ್ಣ ಹೋಗ್ಯಾವ. ನೆನಪೂ ಹೋಗೇತಿ, ಒಮ್ಮೊಮ್ಮೆ ಇರ್ತದ, ಒಮ್ಮೊಮ್ಮೆ ಇರೂದಿಲ್ಲ. ಇನ್ನ ಭಾಳ ದಿನ ಇಲ್ಲ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಎದ್ದ, ಅಂಗಿ ಹಾಕಿಕೊಂಡ, "ನಡಿ" ಅಂದ. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾಪುರದ ಹೆಂಗಸರು ಎಲೆಯ ಪೊಟ್ಟಣದಲ್ಲಿ ಕವಳಿಹಣ್ಣು ಮಾರುತ್ತಿದ್ದರು. ಅಪ್ಪ ರಿಕ್ಷಾ ನಿಲ್ಲಿಸಿ ಒಂದು ಪೊಟ್ಟಣ ತಂದ. ವಡಗಾವಿ ಮುಟ್ಟುವವರೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಆಯಿ ಗೋಡೆಗೆ ಒರಗಿ ಕೂತಿದ್ದಳು. ಇಷ್ಟೇ ಇಷ್ಟು ಆಗಿದ್ದಳು. ಅಪ್ಪ ಅವಳ ಕಾಲ ಬುಡದಲ್ಲಿ ಕೂತು, "ಮೀ ಬಸೂ, ಆಯೀ" ಅಂದ. ಅವಳು ಕೈ ಚಾಚಿ ಅವನ ಮುಖ ತಡವಿದಳು, ತಲೆ ತಡವಿದಳು. ಅಪ್ಪ ಒಂದು ಹಣ್ಣನ್ನು ಅವಳ ಬೆರಳಿಗೆ ಕೊಟ್ಟ. ಅದನ್ನು ಹೊರಳಿಸಿದವಳ ಮುಖ ಅರಳಿತು. "ಕೊಂಬಡಾ ಕೀ ಕೊಂಬಡೀ?" ಅಂದಳು. ಅಷ್ಟೂ ವರ್ಷ ಕಟ್ಟಿಕೊಂಡಿದ್ದ 'ತಪ್ಪಾಯಿತು' ಹೇಳಲೆಂದು ಅಪ್ಪ ಅವಳ ಕೈ ಹಿಡಿದುಕೊಂಡ.

ಅವಳೇ ಬಾಗಿ, ಗುಟ್ಟು ಕೇಳುವಂತೆ ಕೇಳಿದಳು. "ಚಿಮಣೀ ಜಿಂಕಲೀ ಕಾ ರೇ?" ಚಿಮಣಿ ಗೆದ್ದಿತೇನೋ? ಅವಳಿಗೆ ಇಲೆಕ್ಷನ್ನು ಇನ್ನೂ ಮುಗಿದಿರಲಿಲ್ಲ. ಅಪ್ಪ ನನ್ನ ಮುಖ ನೋಡಿದ, ಮತ್ತೆ ಅವಳ ಮುಖ ನೋಡಿದ.

"ಜಿಂಕಲೀ, ಆಯೀ. ಚಿಮಣೀಚ ಜಿಂಕಲೀ."

ಸುಳ್ಳಲ್ಲ. ಗೆದ್ದದ್ದು ಚಿಮಣಿಯೇ.

"ಪೂಲ ಝಾಲಾ?"

"ಝಾಲಾ." ಪೂಲೂ ಆಗಿತ್ತಲ್ಲ.

ಆಯಿ ಸಮಾಧಾನದಿಂದ ಉಸಿರು ಬಿಟ್ಟಳು. ಅರಳಿದ ಮುಖ ಸ್ವಲ್ಪ ಹೊತ್ತಿನಲ್ಲಿ ಬಾಡಿತು. ಒರಗಿದ್ದ ಗೋಡೆಯ ಕಡೆಗೆ ತಿರುಗಿ, ಬೆರಳ ಗಣ್ಣಿನಿಂದ ಎರಡು ಸಲ ಮೆಲ್ಲಗೆ ಬಡಿದು, ತನಗೆ ಬರುತ್ತಿದ್ದ ಆ ಒಂದೇ ಕನ್ನಡದಲ್ಲಿ ಹೇಳಿದಳು:

"ಮಗ ಕಿಂಡೀ ತಗೀ, ಬಸೂ."

ಅವಳ ಮರಾಠಿಯಲ್ಲಿ 'ಮಗ' ಅಂದರೆ ಹಾಗಾದರೆ; ಹಾಗಾದರೆ ಇನ್ನು ಕಿಂಡಿ ತೆಗೆ ಎಂದು. ಅಪ್ಪ ಅವಳ ಪಾದದ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತ. ಮಳೆ ಹಿಡಿಯುವ ಮುಂಚೆಯೇ ಆಯಿ ಹೋದಳು. ಅಪ್ಪನೂ ಹೋಗಿ ವರ್ಷಗಳಾದವು.

ಈಗಲೂ ಖಾನಾಪುರದ ಕಡೆ ಹೋದರೆ ಆ ಪೂಲಿನ ಮೇಲೆಯೇ ಹೋಗುತ್ತೇನೆ. ಕಾರು ನಿಧಾನ ಕೂಡ ಮಾಡುವುದಿಲ್ಲ, ಕೆಳಗೊಂದು ಹಳ್ಳವಿದೆಯೆಂದು ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಚಾಳಿದ್ದ ಜಾಗದಲ್ಲಿ ಪ್ಲಾಟು ಹಾಕಿ, ಕಲ್ಲು ನೆಟ್ಟು, ನಂಬರು ಬರೆದಿದ್ದಾರೆ. ನಮ್ಮ ಕೋಣೆ ಯಾವುದು, ಆಯಿಯದು ಯಾವುದು, ಎಲ್ಲಿಗೆ ಮುಗಿದು ಎಲ್ಲಿಂದ ಶುರುವಾಗುತ್ತಿತ್ತು ಎಂದು ಎಷ್ಟು ನೋಡಿದರೂ ಗುರುತು ಸಿಗುವುದಿಲ್ಲ. ಕಿಂಡಿ ತೆಗೆಯೋಣವೆಂದರೆ ಆ ಗೋಡೆಯೇ ಇಲ್ಲ.